ಪುಟ್ಟಿಯ ಆಣೆ

ಕಾಸರಕೋಡ
೧೮ ಜನವರಿ ೨೦೨೬, ಭಾನುವಾರ

ಪ್ರೀತಿಯ ತಮ್ಮ ಗಿರೀಶನಿಗೆ ಅಕ್ಕ ಭಾರತಿಯ ಆಶೀರ್ವಾದ.

ಸುಷ್ಮಾ ಚೆನ್ನಾಗಿದ್ದಾಳೆ. ಅವಳ ಹೊಟ್ಟೆಯಲ್ಲಿರುವುದೂ ಚೆನ್ನಾಗಿದೆ, ಊಟವಾದ ಕೂಡಲೇ ಒದೆಯಲು ಶುರು ಮಾಡುತ್ತದೆ. ನಾನು ಹೇಗಿದ್ದೇನೆ ಎಂಬುದನ್ನು ಪತ್ರದ ನಡುವೆ ಬರೆಯುತ್ತೇನೆ. ಮೊದಲೇ ಬರೆದರೆ ನೀನು ಅಲ್ಲಿಗೇ ಮಡಚಿ ಕಿಸೆಗೆ ಹಾಕುವವನು.

ಇದು ಮೂರನೆಯ ಪತ್ರ. ಮೊದಲೆರಡಕ್ಕೆ ಉತ್ತರ ಇಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಸುಷ್ಮಾಳಿಗೆ ಮಾತ್ರ ದಿನಾ ಸಂಜೆ ಫೋನ್ ಮಾಡಿ ಊಟ ಆತಾ, ಕಾಲು ಬಾತಿದೆಯಾ ಎಂದು ವಿಚಾರಿಸುತ್ತೀ. ನಾನು ಅಲ್ಲೇ ಕೂತು ಬಂಗಡೆ ಕತ್ತರಿಸುತ್ತಾ ಕೇಳಿಸಿಕೊಳ್ಳುತ್ತೇನೆ. ವಾಯ್ಸ್ ಮೆಸೇಜ್ ಹಾಕೋಣವೆಂದರೆ ನಿಮ್ಮ ಬೋಟಿನಲ್ಲಿ ಫೋನ್ ಒಂದಕ್ಕೆ ಕಿವಿ ಇಪ್ಪತ್ತು. ಹಾಗಾಗಿ ಕಾಗದ. ನಿನ್ನ ಜೊತೆಗಾರ ಉದಯ ಮಂಗಳವಾರ ಗೋವಾಕ್ಕೆ ವಾಪಸ್ ಬರುತ್ತಾನಲ್ಲ, ಅವನ ಕೈಯಲ್ಲಿ ಕಳಿಸುತ್ತೇನೆ. ಒಳಗೆ ಎಂತ ಉಂಟು ಎಂದು ಕೇಳಿದ. ಬಯಕೆ ಊಟದ ಸಾಮಾನಿನ ಪಟ್ಟಿ ಎಂದೆ. ಇಷ್ಟು ದಪ್ಪ ಪಟ್ಟಿಯಾ, ಇಡೀ ಕಾಸರಕೋಡಕ್ಕೆ ಊಟವಾ ಎಂದು ನಕ್ಕ.

ಬಯಕೆ ಫೆಬ್ರವರಿ ಒಂದು, ಭಾನುವಾರ. ನೀನು ಇಪ್ಪತ್ತೊಂಬತ್ತರ ಗುರುವಾರ ರೈಲಿಗೆ ಬರುವುದು ಎಂದು ಸುಷ್ಮಾ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದಾಳೆ. ಹತ್ತು ದಿನ ಇರುತ್ತೀಯಂತೆ. ಆ ಹತ್ತು ದಿನಕ್ಕೆ ಹೆದರಿ ನಾನು ಈ ಪತ್ರ ಬರೆಯುತ್ತಿರುವುದು.

ಅಕ್ಟೋಬರಿನಲ್ಲಿ ನಿನ್ನ ಫೋನ್ ಬಂದಾಗ ನಾನು ಕರ್ಕಿಯ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಗೋವಾದ ಬಂದರಿನಲ್ಲಿ ಎಚ್‌ಐವಿ ಪರೀಕ್ಷೆಯ ಕ್ಯಾಂಪು ಹಾಕಿದ್ದರು, ಎಲ್ಲರೂ ಕೂತರು, ನೀನೂ ಕೂತೆ. "ಒಂದು ಗೆರೆ ಬರಬೇಕಿತ್ತು ಅಕ್ಕ, ಎರಡು ಬಂತು" ಎಂದೆ. ಅದೇ ಎರಡು ಗೆರೆ ಆಗಸ್ಟಿನಲ್ಲಿ ಸುಷ್ಮಾಳ ಬಸಿರಿನ ಪರೀಕ್ಷೆಯಲ್ಲಿ ಬಂದಾಗ ನಾವು ಪಾಯಸ ಮಾಡಿದ್ದೆವು ಎಂಬುದು ನನಗೆ ಆ ಹೊತ್ತಿಗೇ ನೆನಪಾಯಿತು. ನನ್ನ ತಲೆ ಹಾಗೆ, ಅಳುವಲ್ಲಿಯೂ ಜೋಡಿ ಹುಡುಕುತ್ತದೆ. ದೊಡ್ಡಾಸ್ಪತ್ರೆಗೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸು ಎಂದು ಕ್ಯಾಂಪಿನವರು ಚೀಟಿ ಕೊಟ್ಟರು, ನೀನು ಅದನ್ನು ನೀರಿಗೆ ಬಿಟ್ಟೆ. ಆಮೇಲೆ ನನ್ನಿಂದ ಮಾತು ತೆಗೆದುಕೊಂಡೆ. ಸುಷ್ಮಾಗೆ ಹೇಳಬೇಡ, ಪುಟ್ಟಿಯ ಆಣೆ ಹಾಕು ಎಂದೆ.

ಬಸ್ಸು ಬಂದು ನಿಂತು ಹೋಯಿತು. ಕಂಡಕ್ಟರ್ ಎರಡು ಸಲ ಕರೆದ. ನಾನು ಪುಟ್ಟಿಯ ಆಣೆ ಎಂದೆ.

ಎಂಟು ದಿನ ಬಿಟ್ಟು ನೀನು ಸುಷ್ಮಾಳ ಸೆಪ್ಟೆಂಬರ್ ತಿಂಗಳ ಎಚ್‌ಐವಿ ರಿಪೋರ್ಟಿನ ಫೋಟೋ ನನಗೇ ಕಳಿಸಿದೆ. ಕೆಳಗೆ ಬರೆದಿದ್ದೆ: ಅವಳಿಗೆ ಇಲ್ಲ ಅಂದಮೇಲೆ ನಂಗೂ ಇಲ್ಲ, ಕ್ಯಾಂಪಿನವರದ್ದೇ ತಪ್ಪು. ಅಲ್ಲಿಂದ ಇಲ್ಲಿಗೆ ನಿನ್ನ ಫೋನು ನನ್ನ ಮಟ್ಟಿಗೆ ಸತ್ತಿದೆ.

ಈ ಮಾತನ್ನು ನಾನು ಹನ್ನೊಂದು ವರ್ಷದಿಂದ ಭಟ್ಕಳದಿಂದ ಕುಮಟಾದವರೆಗೆ ಮನೆಮನೆಯಲ್ಲಿ ಕೇಳಿದ್ದೇನೆ ಮಾರಾಯ. ಬಸುರಿಯರಿಗೆಲ್ಲ ಗಂಡನನ್ನೂ ಪರೀಕ್ಷೆಗೆ ಕರೆದುಕೊಂಡು ಬಾ ಎಂದು ಹೇಳುವುದೇ ನನ್ನ ಉದ್ಯೋಗ. ಅವರು ಅತ್ತೆಯನ್ನು ಕರೆದುಕೊಂಡು ಬರುತ್ತಾರೆ. ಭಟ್ಕಳದಲ್ಲಿ ಒಬ್ಬಳು ಗಂಡನ ಬದಲು ಗಂಡನ ಆಧಾರ್ ಕಾರ್ಡ್ ತಂದಳು. ಚುಚ್ಚಲಿಕ್ಕೆ ಕಾರ್ಡಿಗೆ ಬೆರಳಿಲ್ಲವಲ್ಲ ತಂಗಿ ಎಂದರೆ, ಅವರ ಬೆರಳಚ್ಚು ಇದರಲ್ಲೇ ಉಂಟಲ್ಲ ಎಂದಳು. ಹೆಂಡತಿಯ ಚೀಟಿಯಲ್ಲಿ ಇಲ್ಲ ಎಂದು ಬಂದರೆ ಇಡೀ ಮನೆಗೆ ಇಲ್ಲ ಎಂದು ಬಂದ ಹಾಗೆ, ರೇಶನ್ ಕಾರ್ಡಿನಂತೆ. ಅವಳಿಗೆ ಹತ್ತಿಲ್ಲ ಎಂದರೆ ಅವನಲ್ಲಿ ಇಲ್ಲ ಎಂದಲ್ಲ, ಇನ್ನೂ ದಾಟಿಲ್ಲ ಎಂದಷ್ಟೇ. ಪ್ರತಿ ಸಲವೂ ದಾಟುವುದಿಲ್ಲ. ಅದೇ ಅದರ ಮೋಸ.

ಮೀನು ಒಣಗಿಸುವ ದುರ್ಗಿ ಒಮ್ಮೆ ಹೇಳಿದಳು, ನಮ್ಮ ಗಂಡಸರು ಸೂಜಿಗೆ ಹೆದರೂದಲ್ಲ ಭಾರತಕ್ಕ, ಚೀಟಿಗೆ ಹೆದರೂದು ಎಂದು. ನಮ್ಮೂರ ಬಂದರಿನ ಗೋಡೆಯ ಮೇಲೆ ನಾನು ಬರೆಸಿದ ಸಾಲು ನಿನಗೆ ಗೊತ್ತು:

ಬೋಟಿಗೆ ಬೇಕು ವರ್ಷಕ್ಕೊಮ್ಮೆ ಬಣ್ಣ,
ನಿನಗೂ ಬೇಕು ತಪಾಸಣೆ ಅಣ್ಣ.

ಅದರ ಕೆಳಗೆ ಯಾರೋ ಇದ್ದಿಲಿನಲ್ಲಿ, ನಿನ್ನ ಗಂಡನ ಕೇಳು ಚಿನ್ನ, ಎಂದು ಬರೆದು ಹೋದರು. ಊರೆಲ್ಲ ನಕ್ಕಿತು. ನೀನು ಮಾತ್ರ ಸಿಟ್ಟಾಗಿ ಸುಣ್ಣ ತಂದು ಬಳಿದೆ. ಪ್ರಾಸ ಅರ್ಧ ಸರಿ ಇತ್ತು ಗಿರೀಶ. ಮಾತು ಪೂರ್ತಿ ಸರಿ ಇತ್ತು.

ಇನ್ನೊಂದು ತಪ್ಪೊಪ್ಪಿಗೆ. ಕಳೆದ ಜುಲೈಯಲ್ಲಿ ಮಳೆಗೆ ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡದ ಮೇಲೆ ಬಂದು ನೀವೆಲ್ಲ ಊರಲ್ಲಿದ್ದಾಗ ಬಲೆ ಹೊಲಿಯುವ ಶೆಡ್ಡಿನಲ್ಲಿ ಗಂಡಸರ ಕ್ಯಾಂಪು ಮಾಡಿದೆವಲ್ಲ. ಮೊದಲ ಒಂದು ತಾಸು ಒಂದು ನರಪಿಳ್ಳೆಯೂ ಬರಲಿಲ್ಲ. ಆಮೇಲೆ ತಿಮ್ಮ ತಾಂಡೇಲ, ಬೋಟು ನಡೆಸುವ ಅರವತ್ತು ವರ್ಷದ ಮನುಷ್ಯ, ಬೀಡಿ ಆರಿಸಿ ಬಂದು ಕುರ್ಚಿಯಲ್ಲಿ ಕೂತು ಕೈ ಚಾಚಿದ. ಬೋಟಿನಲ್ಲಿ ತಾಂಡೇಲ ಕೂತಲ್ಲಿ ಎಲ್ಲರೂ ಕೂರಬೇಕು ಎಂದ. ಅವನ ಹಿಂದೆ ಅವನ ಬೋಟಿನವರು ಸಾಲಾಗಿ ನಿಂತರು. ನೀನೂ ಆ ಸಾಲಿನಲ್ಲಿ ಇದ್ದೆ, ಕೊನೆಯಿಂದ ಮೂರನೆಯವನು. ಮದುವೆಯಾಗಿ ಎರಡು ತಿಂಗಳು. ಸುಷ್ಮಾಳ ಚಿಕ್ಕಪ್ಪ ಸುಧಾಕರ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಹೊಸ ಅಳಿಯನ ಬೆರಳನ್ನು ಈ ರೋಗಕ್ಕೆ ಚುಚ್ಚುವುದನ್ನು ಹೆಣ್ಣಿನ ಕಡೆಯವರು ನೋಡಿದರೆ ಎಂತ ಅಂದುಕೊಳ್ಳುತ್ತಾರೆ ಎಂದು ನನಗೆ ನಾಚಿಕೆಯಾಯಿತು. ಇವ ಹೊಸ ಮದುಮಗ, ಇವನಿಗೆ ಬೇಡ ಬಿಡಿ ಎಂದು ನಾನೇ ನಗುತ್ತಾ ನಿನ್ನ ಹೆಗಲು ಹಿಡಿದು ಸಾಲಿನಿಂದ ಹೊರಗೆ ಎಳೆದೆ. ಎಲ್ಲರೂ ನಕ್ಕರು. ನೀನು ಬಹಳ ಖುಷಿಯಿಂದ ಹೋದೆ.

ಊರಿನ ಗಂಡಸರನ್ನೆಲ್ಲ ಸಾಲಿಗೆ ಎಳೆಯುವವಳು ತನ್ನ ತಮ್ಮನನ್ನು ಸಾಲಿನಿಂದ ಎಳೆದಳು. ಆವತ್ತೇ ತಿಳಿದಿದ್ದರೆ ಆವತ್ತೇ ಮಾತ್ರೆ ಶುರುವಾಗುತ್ತಿತ್ತು.

ಇಲ್ಲಿಂದ ಮುಂದೆ ಪ್ರಾಸ ಇಲ್ಲ. ಕೂತು ಓದು.

ನಿನ್ನ ಭಾವನಿಗೆ ಟಿಬಿ ಎಂದು ಹೇಳಿದ್ದೆವು. ಟಿಬಿ ಇದ್ದದ್ದು ಹೌದು. ಅದು ಬಂದದ್ದು ಎಚ್‌ಐವಿಯಿಂದ. ನಾನು ಬಸುರಿಯಾಗಿ ಐದು ತಿಂಗಳಿಗೆ ಭಟ್ಕಳದಲ್ಲಿ ಪರೀಕ್ಷೆ ಮಾಡಿಸಿದ್ದೆ. ಇಲ್ಲ ಎಂದು ಬಂತು. ಗಂಡನನ್ನೂ ಕಳಿಸಿ ಎಂದು ಅಲ್ಲಿಯ ನರ್ಸಮ್ಮ ಎರಡು ಸಲ ಹೇಳಿದರು. ನಾನು ಬಿ.ಎ. ಓದಿದವಳು, ಕನ್ನಡದಲ್ಲಿ ಮೊದಲ ದರ್ಜೆ, ಅವರಿಗೇ ಪಾಠ ಹೇಳಿದೆ, ನನಗೆ ಇಲ್ಲ ಅಂದರೆ ಅವರಿಗೂ ಇಲ್ಲ ಅಲ್ಲವಾ ಎಂದು. ಮನೆಗೆ ಬಂದು ಅವರಿಗೂ ಅದನ್ನೇ ಹೇಳಿದೆ. ನಾರಾಯಣ ಎಂಬ ಆ ಮನುಷ್ಯ ನನ್ನ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೀನಿನ ಲಾರಿಯಲ್ಲಿ ಸ್ಟೀರಿಂಗಿನ ಮುಂದೆ, ದೇವರ ಪಟದ ಪಕ್ಕ ಸಿಗಿಸಿಕೊಂಡರು. ಇನ್ಶೂರೆನ್ಸ್ ಕಾಗದದ ಹಾಗೆ. ನಾವು ಇಬ್ಬರೂ ಕೆಟ್ಟವರಲ್ಲ. ಒಂದು ಚೀಟಿಯಲ್ಲಿ ಇಬ್ಬರು ಬದುಕಬಹುದು ಎಂದುಕೊಂಡೆವು.

ಪುಟ್ಟಿ ಹುಟ್ಟಿದಳು. ನನಗೆ ಹತ್ತಿದ್ದು ಅವಳು ಹುಟ್ಟಿದ ಮೇಲೆ, ಹಾಲು ಕುಡಿಸುವಾಗ. ಹೊಸದಾಗಿ ಹತ್ತಿದಾಗ ಅದು ರಕ್ತದಲ್ಲಿ ಉಕ್ಕುತ್ತದಂತೆ, ಹಾಲಿನಲ್ಲಿಯೂ ಉಕ್ಕುತ್ತದಂತೆ. ಇದನ್ನು ನಾನು ತಿಳಿದದ್ದು ಆಮೇಲೆ, ಕೆಲಸಕ್ಕೆ ಸೇರಿದಾಗ ಕೊಟ್ಟ ತರಬೇತಿಯಲ್ಲಿ, ನಲವತ್ತು ಜನರ ಜೊತೆ ಬೆಂಚಿನಲ್ಲಿ ಕೂತು, ನೋಟ್ಸ್ ಬರೆದುಕೊಳ್ಳುತ್ತಾ. ಪುಟ್ಟಿಗೆ ನ್ಯುಮೋನಿಯಾ ಎಂದು ನಿನಗೆ ಹೇಳಿದೆ. ನೀನು ಆಗ ಒಂಬತ್ತನೇ ಕ್ಲಾಸು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಭಟ್ಕಳ ಬಂದರಿಗೆ ಹೋಗಿ ಬೋಟು ಎಣಿಸಿ ತೋರಿಸಿದವನು ನೀನು. ಪಕ್ಕದ ಮನೆಯ ಅಜ್ಜಿ ತಮ್ಮ ನವಾಯತಿ ಮಾತಿನಲ್ಲಿ ಜೋಗುಳ ಹಾಡಿ ಮಲಗಿಸುತ್ತಿದ್ದರು. ನಮಗೆ ಅರ್ಥವಾಗುತ್ತಿರಲಿಲ್ಲ, ಪುಟ್ಟಿಗೆ ಆಗುತ್ತಿತ್ತು. ಹದಿನೈದು ತಿಂಗಳು. ಕೊನೆಯ ಎರಡು ತಿಂಗಳಲ್ಲಿ ಅವಳ ತೂಕ ಎಷ್ಟು ಇಳಿದಿತ್ತೆಂದರೆ ಎತ್ತಿಕೊಂಡಾಗ ಬಟ್ಟೆಯೇ ಭಾರ ಅನ್ನಿಸುತ್ತಿತ್ತು. ಆಸ್ಪತ್ರೆಯಲ್ಲಿ ಮೂವರಿಗೂ ಪರೀಕ್ಷೆ ಮಾಡಿದರು. ಮೂವರಿಗೂ ಇತ್ತು.

ಈಗ ಹೇಳು, ನೀನು ನನ್ನಿಂದ ಹಾಕಿಸಿಕೊಂಡದ್ದು ಯಾವ ಆಣೆ?

ನಾನು ಹೇಗಿದ್ದೇನೆ ಎಂದು ಬರೆಯುತ್ತೇನೆ ಎಂದಿದ್ದೆನಲ್ಲ. ಹೀಗಿದ್ದೇನೆ. ಥೈರಾಯ್ಡ್ ಮಾತ್ರೆ ಎಂದು ನೀನು ನೋಡುತ್ತಿದ್ದದ್ದು ಥೈರಾಯ್ಡ್ ಮಾತ್ರೆಯಲ್ಲ. ಮೀಟಿಂಗ್ ಎಂದು ನಾನು ಕಾರವಾರಕ್ಕೆ ಹೋಗುತ್ತಿದ್ದದ್ದು ಮೀಟಿಂಗಿಗಲ್ಲ. ಹದಿಮೂರು ವರ್ಷವಾಯಿತು. ದಿನಕ್ಕೆ ಆರು ಮೈಲಿ ನಡೆಯುತ್ತೇನೆ, ದುರ್ಗಿಯ ಜೊತೆ ಜಗಳವಾಡುತ್ತೇನೆ, ಸಕ್ಕರೆ ಕಾಯಿಲೆ ಕೂಡ ಇಲ್ಲ. ಊರಿಗೆ ಹೇಳಲಿಲ್ಲ, ನಿನಗೆ ಹೇಳಲಿಲ್ಲ. ಇಂಥ ಮನೆಯ ಹುಡುಗನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂಬ ಹೆದರಿಕೆ. ನಾನು ಬಾಯಿ ಮುಚ್ಚಿದ್ದರಿಂದಲೇ ನಿನಗೆ ಸುಷ್ಮಾ ಸಿಕ್ಕಿದಳು. ಅದೇ ಬಾಯಿಯನ್ನು ಇನ್ನೂ ಮುಚ್ಚಿದರೆ ಅವಳು ಹೋಗುತ್ತಾಳೆ. ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಬೇರೆ ದಾರಿ ಕಾಣುವುದಿಲ್ಲ.

ಅವಳಿಗೆ ಮೊನ್ನೆ ಒಂಬತ್ತನೇ ತಾರೀಕು ಎರಡನೆಯ ಸಲ ಪರೀಕ್ಷೆ ಮಾಡಿಸಿದೆ. ಬಸುರಿಯರಿಗೆ ಈಗ ಎರಡು ಸಲ ಉಂಟು ಎಂದು ಹೇಳಿ ಕರೆದುಕೊಂಡು ಹೋದೆ. ಇಲ್ಲ ಎಂದು ಬಂತು. ನೀನು ಬೋಟು ಹತ್ತಿ ಐದು ತಿಂಗಳ ಮೇಲಾಯಿತು, ಹಾಗಾಗಿ ಈ "ಇಲ್ಲ"ವನ್ನು ನಂಬಬಹುದು ಎಂದು ಕೌನ್ಸೆಲರ್ ಸುಚಿತಾ ಮೇಡಂ ಹೇಳಿದರು. ಅವರಿಗೆ ನಿನ್ನ ಹೆಸರು ಹೇಳಿಲ್ಲ, ಒಬ್ಬ ಬೋಟಿನವ ಎಂದಷ್ಟೇ ಕೇಳಿದೆ. ರಿಪೋರ್ಟು ಕೈಗೆ ಬಂದಾಗ ಸುಷ್ಮಾ ಅದನ್ನು ಓದದೆ ಚೀಲಕ್ಕೆ ಹಾಕಿಕೊಂಡು, ಅತ್ತಿಗೆ ಹಸಿವಾಗ್ತದೆ, ಬನ್ಸ್ ತಿನ್ನುವ ಎಂದಳು. ನಾನು ಹೋಟೆಲಿನ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಐದು ತಿಂಗಳು ಅವಳನ್ನು ಕಾಪಾಡಿದ್ದು ನಾನಲ್ಲ, ನೀನಲ್ಲ, ನಿನ್ನ ಮತ್ತು ಅವಳ ನಡುವೆ ಇದ್ದ ಸಮುದ್ರ. ಇಪ್ಪತ್ತೊಂಬತ್ತಕ್ಕೆ ಆ ಸಮುದ್ರ ಮುಗಿಯುತ್ತದೆ.

ಎಲ್ಲಿಂದ ಬಂತು, ಯಾರಿಂದ, ಯಾವಾಗ ಎಂದು ನಾನು ಕೇಳುವುದಿಲ್ಲ. ನಿನ್ನ ಭಾವನನ್ನು ಕೇಳಿ ಕೇಳಿ ಒಂದು ವರ್ಷ ಕಳೆದೆ. ಉತ್ತರ ಬರುವ ಮೊದಲು ಅವರು ಹೋದರು. ಉತ್ತರ ಬಂದಿದ್ದರೂ ಪುಟ್ಟಿಗೆ ಎಂತ ಆಗುತ್ತಿತ್ತು? ನನಗೆ ಬೇಕಾದದ್ದು ಇಷ್ಟೇ. ಹೊನ್ನಾವರದ ಸ್ಟೇಶನ್ನಿನಲ್ಲಿ ಎಲ್ಲರೂ ನಿನ್ನ ಪರಿಚಯದವರು, ರಿಕ್ಷಾದವನೇ ನಿನ್ನನ್ನು ಮನೆ ಬಾಗಿಲಿಗೆ ತಂದು ಬಿಡುತ್ತಾನೆ. ಆದ್ದರಿಂದ ಒಂದು ಸ್ಟೇಶನ್ ಮೊದಲು ಕುಮಟಾದಲ್ಲಿ ಇಳಿ. ನಾನು ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇನೆ. ಅಲ್ಲಿಂದ ಸೀದಾ ಆಸ್ಪತ್ರೆ. ಪೂರ್ತಿ ಪರೀಕ್ಷೆ ಮಾಡುತ್ತಾರೆ. ಕ್ಯಾಂಪಿನ ಎರಡು ಗೆರೆ ಕೊನೆಯ ತೀರ್ಪಲ್ಲ, ತಪ್ಪಾಗಿದ್ದರೆ ನಾನು ಪ್ಲಾಟ್‌ಫಾರ್ಮಿನಿಂದ ಮನೆಯವರೆಗೆ ನಿನ್ನ ಕಾಲು ಹಿಡಿದುಕೊಂಡು ಬರುತ್ತೇನೆ. ಸರಿಯಾಗಿದ್ದರೆ ಮಾತ್ರೆ ಶುರು ಮಾಡುತ್ತಾರೆ. ತಪ್ಪದೆ ನುಂಗಿದರೆ ಕೆಲವು ತಿಂಗಳಲ್ಲಿ ಅದು ರಕ್ತದಲ್ಲಿ ಕಾಣದಷ್ಟು ಅಡಗುತ್ತದೆ. ಹಾಗೆ ಅಡಗಿದೆ ಎಂದು ಪರೀಕ್ಷೆ ಹೇಳಿದ ಮೇಲೆ ಹೆಂಡತಿಗೆ ದಾಟುವುದಿಲ್ಲ. ಅಲ್ಲಿಯವರೆಗೆ ನಿರೋಧ್ ಇಲ್ಲದೆ ಅವಳ ಹತ್ತಿರ ಹೋಗಬೇಡ. ಅಕ್ಕನಾಗಿ ತಮ್ಮನಿಗೆ ಇದನ್ನು ಬರೆಯುವಾಗ ನನ್ನ ಪೆನ್ನು ನಿಂತಿತು. ನಿಲ್ಲಲಿ ಎಂದು ಬಿಟ್ಟಿದ್ದರಿಂದಲೇ ಇಷ್ಟೆಲ್ಲ ಆದದ್ದು, ಆದ್ದರಿಂದ ಬರೆದೆ.

ಸುಷ್ಮಾಳಿಗೆ ನೀನೇ ಹೇಳಬೇಕು. ಸುಚಿತಾ ಮೇಡಂ ಜೊತೆಗೆ ಕೂರುತ್ತಾರೆ. ಅವರು ಬೈಯುವುದಿಲ್ಲ, ಬೈಯುವ ಇಲಾಖೆ ನನ್ನದು. ನಾನು ಹೇಳಿದರೆ ಆಣೆ ಮುರಿಯುತ್ತದೆ. ಆಣೆಗೆ ನಾನು ಹೆದರುವುದಿಲ್ಲ, ಪುಟ್ಟಿಯೇ ಬಂದು ಮುರಿ ಅನ್ನುತ್ತಾಳೆ. ನಾನು ಹೆದರುವುದು ಬೇರೆಯದಕ್ಕೆ. ಪರರ ಬಾಯಿಂದ ತಿಳಿದರೆ ಅವಳು ರೋಗವನ್ನು ಕ್ಷಮಿಸಬಹುದು, ನೀನು ಮುಚ್ಚಿಟ್ಟದ್ದನ್ನು ಕ್ಷಮಿಸಲಿಕ್ಕಿಲ್ಲ. ನಾನು ನಿನ್ನ ಭಾವನನ್ನು ಕ್ಷಮಿಸಿದೆ. ಅವರಿಗೂ ಗೊತ್ತಿರಲಿಲ್ಲ. ನಿನಗೆ ಗೊತ್ತುಂಟು. ಭಾವನಿಗೂ ನಿನಗೂ ಇರುವ ವ್ಯತ್ಯಾಸ ಅದೊಂದೇ.

ಅಮ್ಮ ಹೋದಾಗ ನಿನ್ನನ್ನು ನನ್ನ ಮಡಿಲಿಗೆ ಹಾಕಿದರು. ನಿನಗಾಗಿ ಯಾವ ದೇವರ ಮುಂದೆಯೂ ನಾನು ಸೆರಗೊಡ್ಡಿದವಳಲ್ಲ, ನಮ್ಮದು ಹಟದ ಜಾತಿ. ಈಗ ನಿನ್ನ ಮುಂದೆ ಒಡ್ಡುತ್ತಿದ್ದೇನೆ. ಬಯಕೆಗೆ ಕೇದಗೆ ಹೂವು ಬೇಕೆಂದು ಸುಷ್ಮಾ ಹಟ ಮಾಡುತ್ತಿದ್ದಾಳೆ, ಈ ಕಾಲದಲ್ಲಿ ಎಲ್ಲಿ ಸಿಗುತ್ತದೆ ಹೇಳು. ಇಪ್ಪತ್ತಮೂರು ವರ್ಷ ಅವಳಿಗೆ. ಇಪ್ಪತ್ತಮೂರಕ್ಕೆ ಕೇಳಬೇಕಾದದ್ದು ಅದೇ.

ನಿನ್ನ ಅಕ್ಕ,
ಭಾರತಿ

ಮರೆತದ್ದು: ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಲಕೋಟೆಗೆ ಅಂಟು ಉಂಟಾ ಎಂದು ಕೇಳಲು ಒಳಗೆ ಹೋದೆ. ಸುಷ್ಮಾ ಅಂಟಿನ ಜೊತೆ ಇನ್ನೊಂದು ಲಕೋಟೆ ತಂದು ನನ್ನ ಮುಂದೆ ಇಟ್ಟಳು. ನಾನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದ ಎರಡನೆಯ ಪತ್ರ. ನೀನು ಬೇಡವೆಂದು ಹಿಂದಿರುಗಿಸಿದ್ದು, ಕಳೆದ ಬುಧವಾರ ನಾನು ಹೊರಗೆ ಹೋದಾಗ ಪೋಸ್ಟ್‌ಮ್ಯಾನ್ ಅವಳ ಕೈಗೆ ಕೊಟ್ಟು ಹೋದನಂತೆ. ಒಡೆದಿತ್ತು. ನೀನು ಒಡೆದಿದ್ದರೆ ಅವಳು ಒಡೆಯಬೇಕಾಗುತ್ತಿರಲಿಲ್ಲ.

"ನೀವು ಆಣೆ ಮುರೂದು ಬೇಡ ಅತ್ತಿಗೆ," ಎಂದಳು, "ನಂಗೆ ಓದೂಕೆ ಬತ್ತದೆ."

ಬುಧವಾರದಿಂದ ನಿನ್ನ ಎರಡು ಗೆರೆಯ ವಿಷಯವೆಲ್ಲ ಗೊತ್ತಿದ್ದು, ದಿನಾ ಸಂಜೆ ನಿನ್ನ ಜೊತೆ ಕಾಲು ಬಾತದ್ದರ ಮಾತಾಡಿದ್ದಾಳೆ. ನೀನಾಗಿ ಹೇಳುತ್ತೀಯೋ ಎಂದು ಐದು ಸಂಜೆ ಕಾದಳು. ನಿನ್ನೆ ಕಾಯುವುದನ್ನು ನಿಲ್ಲಿಸಿದಳು. ಈ ಪತ್ರವನ್ನೂ ಅವಳೇ ತೆಗೆದು ಓದಿದಳು. ಪುಟ್ಟಿಯ ಭಾಗ ಬಂದಾಗ ನನ್ನ ಕೈ ಹಿಡಿದುಕೊಂಡಳು. ಹರಿದು ಹಾಕುತ್ತೇನೆ ಎಂದೆ. ಬೇಡ, ಅವರಿಗೂ ತಿಳೀಲಿ ಎಂದಳು. ಲಕೋಟೆಯ ಮೇಲಿನ ಅಕ್ಷರ ಅವಳದ್ದು, ನನ್ನದಾದರೆ ನೀನು ಒಡೆಯುವುದಿಲ್ಲ ಎಂದು ಅವಳೇ ಬರೆದಳು. ನಿನಗೆ ಹೇಳಲಿಕ್ಕೆ ಹೇಳಿದ್ದು ಇಷ್ಟು: ಗುರುವಾರ ಕುಮಟಾದ ಪ್ಲಾಟ್‌ಫಾರ್ಮಿಗೆ ಅವಳೂ ಬರುತ್ತಾಳೆ. ನೀನು ಇಳಿದರೆ ಮೂವರೂ ಆಸ್ಪತ್ರೆಗೆ. ಇಳಿಯದಿದ್ದರೆ ಅವಳು ಅಲ್ಲಿಂದಲೇ ತವರಿಗೆ.

ಟಿಕೆಟ್ಟು ಹೊನ್ನಾವರದವರೆಗೆ ಇದ್ದರೂ ಕುಮಟಾದಲ್ಲಿ ಇಳಿಯಬಹುದು ಗಿರೀಶ. ಯಾರೂ ತಡೆಯುವುದಿಲ್ಲ.